ಕನ್ನಡ ಪಟ್ಟಿಗಳ ಅನುಕ್ರಮ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಡಿಟಿಪಿ ಅಂಗಡಿ, ಸಹಕಾರಿ ಸಂಘ, ಶಾಲೆ, ವಾಚನಾಲಯ, ಜಾತ್ರಾ ಕಮಿಟಿಗಳಲ್ಲಿ ಕುಳಿತು ಪಟ್ಟಿ ಮಾಡುವವರಿಗಾಗಿ ಈ ಪುಟ. ದೇಣಿಗೆದಾರರ ಪಟ್ಟಿ, ಸದಸ್ಯರ ಯಾದಿ, ಊರುಗಳ ಹೆಸರು, ಸ್ಮರಣ ಸಂಚಿಕೆಯ ಲೇಖನಗಳು, ಫೋಟೊಗಳು, ಹಾಡಿನ ಫೈಲುಗಳು ಯಾವುದೇ ಇರಲಿ, ಮೇಲೆ ಯಾವುದು, ಕೆಳಗೆ ಯಾವುದು ಎಂಬ ತಕರಾರು ಒಂದೇ. ಹತ್ತರಲ್ಲಿ ಒಂಬತ್ತು ಸಲ ತೊಂದರೆ ಇರುವುದು ಸಾರ್ಟ್ ಬಟನ್‌ನಲ್ಲಿ ಅಲ್ಲ, ಟೈಪ್ ಮಾಡಿದ ರೀತಿಯಲ್ಲಿ. ಹೀಗಾಗಿ ಕೆಳಗಿನ ಉತ್ತರಗಳಲ್ಲಿ ಮೆನುವಿಗಿಂತ ಟೈಪಿಂಗ್ ಬಗ್ಗೆಯೇ ಹೆಚ್ಚು ಮಾತಿದೆ.

ಸಾರ್ಟ್ ಮಾಡುವ ಮೊದಲು ಏನು ಸಿದ್ಧತೆ ಬೇಕು?

ಫೈಲಿನ ಒಂದು ಪ್ರತಿ ತೆಗೆದಿಡಿ. ಆಮೇಲೆ ಪಟ್ಟಿಯ ಕೊನೆಗೆ ‘ಮೂಲ ಕ್ರಮ’ ಎಂಬ ಒಂದು ಕಾಲಂ ಸೇರಿಸಿ, 1ರಿಂದ ಕೊನೆಯವರೆಗೆ ಸಂಖ್ಯೆ ತುಂಬಿ. ಸೂತ್ರ ಹಾಕಬೇಡಿ, ಬರೀ ಸಂಖ್ಯೆ ಇರಲಿ. ಸೂತ್ರವಾದರೆ ಸಾರ್ಟ್ ಆದ ಮೇಲೆ ಅದೂ ಹೊಸದಾಗಿ ಎಣಿಸಿಕೊಳ್ಳುತ್ತದೆ, ಹಿಂದಕ್ಕೆ ಹೋಗುವ ದಾರಿ ಮುಚ್ಚುತ್ತದೆ. ಈ ಕಾಲಂ ಇದ್ದರೆ ಪಟ್ಟಿಯನ್ನು ಎಷ್ಟು ಸಲ ತಿರುವಿ ಹಾಕಿದರೂ, ಅದರ ಮೇಲೆ ಒಮ್ಮೆ ಸಾರ್ಟ್ ಮಾಡಿದರೆ ಮೊದಲಿದ್ದಂತೆ ಬಂದು ನಿಲ್ಲುತ್ತದೆ. ಮುದ್ರಣಕ್ಕೆ ಕೊಡುವಾಗ ಕಾಲಂ ಅಡಗಿಸಿದರಾಯಿತು.

ಶೀರ್ಷಿಕೆ ಒಂದೇ ಸಾಲಿನಲ್ಲಿರಲಿ. ನಡುವೆ ಖಾಲಿ ಸಾಲು ಬೇಡ. ಖಾಲಿ ಸಾಲು ಬಂದಲ್ಲಿಗೆ ಪಟ್ಟಿ ಮುಗಿಯಿತೆಂದು ಎಕ್ಸೆಲ್ ತಿಳಿಯುತ್ತದೆ, ಕೆಳಗಿನ ಭಾಗ ಇದ್ದಲ್ಲೇ ಉಳಿಯುತ್ತದೆ. ಮರ್ಜ್ ಮಾಡಿದ ಸೆಲ್‌ಗಳನ್ನು ಬಿಡಿಸಿ. ಗಾತ್ರ ಒಂದೇ ಇಲ್ಲದ ಮರ್ಜ್ ಸೆಲ್ ಇದ್ದರೆ ಎಕ್ಸೆಲ್ ಸಾರ್ಟ್ ಮಾಡಲು ಒಪ್ಪುವುದೇ ಇಲ್ಲ. ಅಡಗಿಸಿಟ್ಟ ಸಾಲುಗಳನ್ನು ತೆರೆದುಬಿಡಿ, ಏಕೆಂದರೆ ಅವು ಸಾರ್ಟ್‌ನಲ್ಲಿ ಜಾಗ ಬದಲಿಸುವುದಿಲ್ಲ. ಕೊನೆಯ ‘ಒಟ್ಟು’ ಸಾಲನ್ನು ಆಯ್ಕೆಯಿಂದ ಹೊರಗಿಡಿ. ಇಲ್ಲದಿದ್ದರೆ ಅದು ಎದ್ದು ಹೋಗಿ ‘ಒ’ ಅಕ್ಷರದ ಹೆಸರುಗಳ ನಡುವೆ ಕೂರುತ್ತದೆ, ಮೊತ್ತದ ಸೂತ್ರವೂ ಕೆಡುತ್ತದೆ.

ಬಟನ್ ಒತ್ತಿದ್ರ ಹೆಸರು ಒಂದ್ ಕಡೆ, ರೊಕ್ಕ ಒಂದ್ ಕಡೆ ಆಗೇತಿ. ಏನ್ ಮಾಡೂದು?

ತಕ್ಷಣ ಕಂಟ್ರೋಲ್ ಮತ್ತು ಝಡ್ ಒತ್ತಿ. ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲೇ ಒತ್ತಿ.

ಹೀಗಾಗುವುದು ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಿದಾಗ. ಎಕ್ಸೆಲ್ ಆಗ ಒಂದು ಎಚ್ಚರಿಕೆ ತೋರಿಸುತ್ತದೆ: ‘ಎಕ್ಸ್‌ಪ್ಯಾಂಡ್ ದಿ ಸೆಲೆಕ್ಷನ್’ ಅಥವಾ ‘ಕಂಟಿನ್ಯೂ ವಿತ್ ದಿ ಕರೆಂಟ್ ಸೆಲೆಕ್ಷನ್’. ಮೊದಲನೆಯದನ್ನೇ ಒಪ್ಪಬೇಕು. ಅವಸರದಲ್ಲಿ ಎರಡನೆಯದನ್ನು ಒತ್ತಿದರೆ ಆ ಕಾಲಂ ಮಾತ್ರ ತಿರುಗುತ್ತದೆ, ಉಳಿದವು ನಿಂತಲ್ಲೇ ನಿಲ್ಲುತ್ತವೆ. ಇನ್ನೊಂದು ಕಾರಣ, ಕಣ್ಣಿಗೆ ಬೀಳದ್ದು: ಅಂದಕ್ಕಾಗಿ ನಡುವೆ ಬಿಟ್ಟ ಖಾಲಿ ಕಾಲಂ. ಅದು ಪಟ್ಟಿಯನ್ನು ಎರಡು ತುಂಡು ಮಾಡುತ್ತದೆ, ಆಗ ಎಚ್ಚರಿಕೆಯೂ ಬರುವುದಿಲ್ಲ. ಅಂಥ ಕಾಲಂ ಅಳಿಸಿ, ಅಂತರ ಬೇಕಿದ್ದರೆ ಕಾಲಂ ಅಗಲ ಹೆಚ್ಚಿಸಿ.

ಸೇವ್ ಮಾಡಿ ಮುಚ್ಚಿಬಿಟ್ಟಿದ್ದರೆ? ಗೂಗಲ್ ಶೀಟ್ಸ್ ಆದರೆ ‘ವರ್ಷನ್ ಹಿಸ್ಟರಿ’ಯಲ್ಲಿ ಹಳೆಯ ಪ್ರತಿ ಸಿಗುತ್ತದೆ. ಒನ್‌ಡ್ರೈವ್‌ನಲ್ಲಿಟ್ಟ ಎಕ್ಸೆಲ್ ಫೈಲಿಗೂ ಆ ಸೌಲಭ್ಯವಿದೆ. ಕಂಪ್ಯೂಟರಿನಲ್ಲಷ್ಟೇ ಇದ್ದು, ಪ್ರತಿ ತೆಗೆದಿಡದ ಫೈಲಾದರೆ ಪಾವತಿ ಪುಸ್ತಕ ಹಿಡಿದು ಮತ್ತೆ ಕೂರುವುದೇ ಗತಿ. ಇಲ್ಲಿ ಒಂದು ಮಾತು: ಒಟ್ಟು ಮೊತ್ತ ತಾಳೆಯಾಯಿತೆಂದು ಸಮಾಧಾನ ಪಡಬೇಡಿ. ಹೆಸರಿಗೂ ಮೊತ್ತಕ್ಕೂ ಸಂಬಂಧ ತಪ್ಪಿದರೂ ಒಟ್ಟು ಅಷ್ಟೇ ಇರುತ್ತದೆ. ಪಾವತಿ ಪುಸ್ತಕದ ಮೊದಲು, ನಡುವೆ, ಕೊನೆಯಿಂದ ಐದಾರು ಪಾವತಿ ತೆಗೆದು, ಆ ಸಾಲುಗಳನ್ನು ಅಡ್ಡಕ್ಕೆ ಪೂರ್ತಿ ಓದಿ ನೋಡಿ. ಪರೀಕ್ಷೆ ಎಂದರೆ ಅದು.

ಕನ್ನಡದ ಅಕಾರಾದಿ ಕ್ರಮ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ?

ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೆ, ಪ್ರತಿ ಗುಣಿತ ಚಿಹ್ನೆಗೆ ಒಂದೊಂದು ಸಂಖ್ಯೆ ಇದೆ. ಅನುಸ್ವಾರ, ವಿಸರ್ಗ ಮೊದಲು, ಆಮೇಲೆ ಸ್ವರಗಳು, ವ್ಯಂಜನಗಳು, ಗುಣಿತ ಚಿಹ್ನೆಗಳು, ಕೊನೆಗೆ ಅರ್ಧಾಕ್ಷರದ ಚಿಹ್ನೆ, ಅದಾದ ಮೇಲೆ ಕನ್ನಡ ಅಂಕಿಗಳು. ಸರಳವಾದ ತಂತ್ರಾಂಶಗಳು ಈ ಸಂಖ್ಯೆಯನ್ನೇ ನೋಡಿ ಜೋಡಿಸುತ್ತವೆ. ಹಾಗೆ ಜೋಡಿಸಿದಾಗ ‘ಬ’ ಅಕ್ಷರದ ಊರುಗಳು ಹೀಗೆ ಬರುತ್ತವೆ: ಬಂಕಾಪುರ, ಬಮ್ಮಿಗಟ್ಟಿ, ಬೆಟಗೇರಿ, ಬ್ಯಾಡಗಿ, ಬ್ಯಾಹಟ್ಟಿ. ಅನುಸ್ವಾರದ ಸಂಖ್ಯೆ ಚಿಕ್ಕದು, ಆದ್ದರಿಂದ ‘ಬಂ’ ಮೊದಲು. ಅರ್ಧಾಕ್ಷರದ ಸಂಖ್ಯೆ ದೊಡ್ಡದು, ಆದ್ದರಿಂದ ಒತ್ತಕ್ಷರ ಕೂಡಿದ ‘ಬ್ಯಾ’ ಕೊನೆಗೆ. ಬ್ಯಾಡಗಿಯನ್ನು ‘ಬಾ’ ಹತ್ತಿರ ಹುಡುಕಿ ಬಿಟ್ಟುಹೋಗಿದೆ ಎಂದುಕೊಳ್ಳುವವರು ಬಹಳ. ಅದು ಕೆಳಗಿರುತ್ತದೆ.

‘ಕ್ಷ’, ‘ಜ್ಞ’ ಶಾಲೆಯ ಅಕ್ಷರಮಾಲೆಯ ಪಟದಲ್ಲಿ ಕಟ್ಟಕಡೆಗೆ ಇರುತ್ತವೆ. ಕಂಪ್ಯೂಟರಿಗೆ ಅವು ಬೇರೆ ಅಕ್ಷರಗಳಲ್ಲ. ಕ್ಷಮಾ ಎಂಬ ಹೆಸರು ‘ಕ’ ಗುಂಪಿನ ತುದಿಯಲ್ಲಿ, ಜ್ಞಾನೇಶ್ವರ ‘ಜ’ ಗುಂಪಿನ ತುದಿಯಲ್ಲಿ ಬರುವುದು ಸರಿಯೇ. ತಿದ್ದಲು ಹೋಗಬೇಡಿ.

‘ಳ’ ಯಾಕೆ ತಪ್ಪು ಜಾಗದಲ್ಲಿ ಬರುತ್ತದೆ?

ವರ್ಣಮಾಲೆಯಲ್ಲಿ ‘ಳ’ ಇರುವುದು ‘ಹ’ ಆದ ಮೇಲೆ. ಯೂನಿಕೋಡ್ ಸಂಖ್ಯೆಯಲ್ಲಿ ಅದು ‘ಲ’ದ ಬೆನ್ನಿಗೇ ಇದೆ. ಸಂಖ್ಯೆ ನೋಡಿ ಜೋಡಿಸುವ ತಂತ್ರಾಂಶ ‘ಕಲಘಟಗಿ, ಕಳಸ, ಕವಲಗೇರಿ’ ಎಂದು ಇಡುತ್ತದೆ. ವರ್ಣಮಾಲೆಯ ಪ್ರಕಾರ ‘ಕಲಘಟಗಿ, ಕವಲಗೇರಿ, ಕಳಸ’ ಆಗಬೇಕು. ನಿಮ್ಮ ತಂತ್ರಾಂಶ ಯಾವ ದಾರಿ ಹಿಡಿದಿದೆ ಎಂದು ತಿಳಿಯಲು ಈ ಮೂರು ಹೆಸರು ಟೈಪ್ ಮಾಡಿ ಸಾರ್ಟ್ ಮಾಡಿದರೆ ಸಾಕು.

ಲಿಬ್ರೆಆಫೀಸ್ ಕ್ಯಾಲ್ಕ್‌ನ ಸಾರ್ಟ್ ಪೆಟ್ಟಿಗೆಯಲ್ಲಿ ‘ಆಪ್ಷನ್ಸ್’ ಪುಟಕ್ಕೆ ಹೋದರೆ ಭಾಷೆ ಆರಿಸುವ ಜಾಗವಿದೆ. ಕನ್ನಡ ಎಂದು ಆರಿಸಿ ಮತ್ತೊಮ್ಮೆ ನೋಡಿ. ಐವತ್ತು-ನೂರು ಹೆಸರಿನ ಪಟ್ಟಿಗೆ ‘ಳ’ ಬಂದ ನಾಲ್ಕಾರು ಸಾಲುಗಳನ್ನು ಕೈಯಿಂದಲೇ ಸರಿಸಿದರೂ ನಡೆಯುತ್ತದೆ. ಪದಕೋಶ, ಗ್ರಂಥಾಲಯದ ಸೂಚಿ ಮಾಡುವವರು ಮಾತ್ರ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅವರು ಸಾರ್ಟ್‌ಗೆಂದೇ ಒಂದು ಬೇರೆ ಕಾಲಂ ಇಟ್ಟು, ಅಲ್ಲಿ ‘ಳ’ಗೆ ಬದಲಾಗಿ ‘ಹ’ಗಿಂತ ದೊಡ್ಡ, ಗುಣಿತ ಚಿಹ್ನೆಗಳಿಗಿಂತ ಚಿಕ್ಕ ಸಂಖ್ಯೆಯ ಅವಗ್ರಹ ಚಿಹ್ನೆ ‘ಽ’ ಹಾಕಿ, ಆ ಕಾಲಂ ಮೇಲೆ ಜೋಡಿಸುವುದು ಒಳ್ಳೆಯದು. ಸಂಖ್ಯೆ ನೋಡಿ ಜೋಡಿಸುವ ತಂತ್ರಾಂಶಕ್ಕೆ ಮಾತ್ರ ಈ ಉಪಾಯ. ಓದುವವರಿಗೆ ಕಾಣುವ ಕಾಲಂ ಹಾಗೇ ಇರಲಿ.

ಒಂದೇ ಊರು ಎರಡು ಕಡೆ ಬರುತ್ತಿದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ!

ನಾಲ್ಕು ಕಾರಣಗಳಿವೆ, ಮೊದಲನೆಯದೇ ಹೆಚ್ಚು.

ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಟೈಪ್ ಆಗಿದೆ. ‘ಂ’ ಮತ್ತು ‘೦’ ಪರದೆಯ ಮೇಲೆ ಅಣ್ಣತಮ್ಮಂದಿರಂತೆ ಕಾಣುತ್ತವೆ, ಆದರೆ ಒಂದು ಪಟ್ಟಿಯ ಈ ತುದಿ, ಇನ್ನೊಂದು ಆ ತುದಿ. ಸರಿಯಾದ ಕುಂದಗೋಳ ‘ಕು’ ಗುಂಪಿನ ಆರಂಭದಲ್ಲೇ ಬರುತ್ತದೆ, ಸೊನ್ನೆ ಹಾಕಿದ ಕು೦ದಗೋಳ ಆ ಗುಂಪಿನ ಕೊನೆಗೆ ಹೋಗುತ್ತದೆ. ಮುಂಡರಗಿ, ನರಗುಂದ, ನವಲಗುಂದ, ಗಜೇಂದ್ರಗಡ ಎಲ್ಲಕ್ಕೂ ಇದೇ ರೋಗ. ‘ಫೈಂಡ್ ಆ್ಯಂಡ್ ರಿಪ್ಲೇಸ್’ನಲ್ಲಿ ೦ ಹುಡುಕಿ ಂ ಹಾಕಿ. ಹೆಸರು, ಊರಿನ ಕಾಲಂ ಮಾತ್ರ ಆರಿಸಿಕೊಂಡು ಮಾಡಿ. ಕನ್ನಡ ಅಂಕಿಯಲ್ಲಿ ಮೊತ್ತ ಬರೆದ ಕಾಲಂಗೆ ಇದು ತಾಗಿದರೆ ೧೦೦ ಎಂಬುದು ೧ಂಂ ಆಗುತ್ತದೆ.

ಎರಡನೆಯದು ಕಾಗುಣಿತ. ಶಿಗ್ಗಾವಿ, ಶಿಗ್ಗಾಂವ, ಶಿಗ್ಗಾಂವಿ, ಹಾನಗಲ್ಲ, ಹಾನಗಲ್, ರಾಣೆಬೆನ್ನೂರ, ರಾಣೇಬೆನ್ನೂರು, ಸವಣೂರ, ಸವಣೂರು. ಇವೆಲ್ಲ ನಮ್ಮಲ್ಲಿ ಬಳಕೆಯಲ್ಲಿವೆ, ಯಾವುದೂ ತಪ್ಪಲ್ಲ. ಒಂದು ಪಟ್ಟಿಯಲ್ಲಿ ಒಂದೇ ರೂಪ ಇರಲಿ ಅಷ್ಟೇ. ಫಿಲ್ಟರ್ ಬಾಣ ಒತ್ತಿದರೆ ಆ ಕಾಲಂನಲ್ಲಿರುವ ಎಲ್ಲ ರೂಪಗಳೂ ಒಂದರ ಕೆಳಗೊಂದು ಕಾಣುತ್ತವೆ. ಅಲ್ಲಿಂದ ಒಂದೊಂದನ್ನೇ ತಿದ್ದಿ. ಮುಂದಕ್ಕೆ ಡೇಟಾ ವ್ಯಾಲಿಡೇಶನ್‌ನಿಂದ ಊರಿನ ಕಾಲಂಗೆ ಆಯ್ಕೆಪಟ್ಟಿ ಕೊಟ್ಟರೆ ಟೈಪ್ ಮಾಡುವ ಗೋಜೇ ಇಲ್ಲ.

ಮೂರನೆಯದು ಕಾಣದ ಅಂತರ. ಹೆಸರಿನ ಮುಂದೆ ಒಂದು ಸ್ಪೇಸ್ ಬಿದ್ದರೆ ಆ ಸಾಲು ‘ಅ’ಗಿಂತಲೂ ಮೇಲೆ ಹೋಗಿ ಕೂರುತ್ತದೆ. ಪಟ್ಟಿಯ ತಲೆಯಲ್ಲಿ ಹೊಂದದ ಹೆಸರು ಕಂಡರೆ ಇದೇ ಅನುಮಾನ ಪಡಿ. ಟ್ರಿಮ್ ಸೂತ್ರ ಅದನ್ನು ತೆಗೆಯುತ್ತದೆ. ಜಾಲತಾಣದಿಂದ ನಕಲಿಸಿ ತಂದ ಪಟ್ಟಿಯಲ್ಲಿರುವ ‘ಮುರಿಯದ ಅಂತರ’ಕ್ಕೆ ಟ್ರಿಮ್ ನಾಟುವುದಿಲ್ಲ, ಆ ಅಂತರವನ್ನೇ ಒಂದು ಸೆಲ್‌ನಿಂದ ನಕಲಿಸಿ, ಹುಡುಕುವ ಜಾಗದಲ್ಲಿ ಅಂಟಿಸಿ, ಮಾಮೂಲಿ ಸ್ಪೇಸ್‌ನಿಂದ ಬದಲಿಸಬೇಕು.

ನಾಲ್ಕನೆಯದು, ‘ಹಾನಗಲ್‌ನ’ ಎಂಬಂಥ ಪದದಲ್ಲಿ ಒತ್ತಕ್ಷರ ಕೂಡದಂತೆ ತಡೆಯುವ ಅದೃಶ್ಯ ಅಕ್ಷರ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಇದನ್ನು ಎಲ್ಲೆಡೆ ಅಳಿಸಿದರೆ ರಾಜ್‌ಕುಮಾರ ಎಂಬುದು ರಾಜ್ಕುಮಾರ ಆಗಿ ಮುದ್ರಣ ಕೆಡುತ್ತದೆ. ಹಾಗಾಗಿ ಅಳಿಸುವುದಿದ್ದರೆ ಸಾರ್ಟ್‌ಗೆಂದು ಇಟ್ಟ ಬೇರೆ ಕಾಲಂನಲ್ಲಿ ಮಾತ್ರ.

ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪಟ್ಟಿ ಅಡ್ಡಾದಿಡ್ಡಿ ಜೋಡಣೆ ಆಗುತ್ತದೆ. ಯಾಕೆ?

ಆ ಸೆಲ್‌ನ ಫಾಂಟ್ ಅನ್ನು ಏರಿಯಲ್‌ಗೆ ಬದಲಿಸಿ ನೋಡಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಯೂನಿಕೋಡ್ ಅಲ್ಲ. ಹಳೆಯ ಫಾಂಟ್‌ಗಳಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ವೇಷ. ಕಂಪ್ಯೂಟರ್ ಒಳಗಿನದನ್ನು ಜೋಡಿಸುತ್ತದೆ. ಅಲ್ಲಿ ಸಾರ್ಟ್‌ನ ಯಾವ ಆಯ್ಕೆಯೂ ಕೆಲಸಕ್ಕೆ ಬರುವುದಿಲ್ಲ. ಪರಿವರ್ತಕ ಬಳಸಿ ಯೂನಿಕೋಡ್‌ಗೆ ಬದಲಿಸಲೇಬೇಕು. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ನುಡಿಯ ಪಠ್ಯಕ್ಕೆ ನುಡಿಯದು, ಬರಹದ ಪಠ್ಯಕ್ಕೆ ಬರಹದ್ದು.

ಬದಲಿಸಿದ ಮೇಲೆ ಅರ್ಕಾವತ್ತು ಬರುವ ಹೆಸರುಗಳನ್ನು (ಕುಲಕರ್ಣಿ, ಧರ್ಮಣ್ಣ, ಪಾರ್ವತಿ), ದೀರ್ಘ ಇರುವ ಹೆಸರುಗಳನ್ನು (ಪಾಟೀಲ, ಹಿರೇಮಠ, ಜೋಶಿ) ಮತ್ತು ಅಂಕಿಗಳನ್ನು ಓದಿ ನೋಡಿ. ಎಡವುವುದು ಹೆಚ್ಚಾಗಿ ಈ ಮೂರರಲ್ಲೇ. ಪಟ್ಟಿಯಲ್ಲಿ ಇಂಗ್ಲಿಷ್ ಪದಗಳಿದ್ದರೆ ಅವುಗಳನ್ನು ಬೇರೆ ಮಾಡಿಯೇ ಪರಿವರ್ತಿಸಿ, ಇಲ್ಲದಿದ್ದರೆ ಪರಿವರ್ತಕ ಅವುಗಳನ್ನೂ ಕನ್ನಡ ಮಾಡಲು ಹೋಗಿ ಓದಲಾಗದ ಅಕ್ಷರ ಕೊಡುತ್ತದೆ.

ಹೆಸರಿನ ಮೇಲೆ ಜೋಡಿಸಬೇಕೋ, ಅಡ್ಡಹೆಸರಿನ ಮೇಲೋ?

ನಮ್ಮ ಕಡೆ ಕರೆಯುವುದು ಅಡ್ಡಹೆಸರಿನಿಂದ. ಸದಸ್ಯರ ಯಾದಿ, ಫೋನ್ ಪುಸ್ತಕಕ್ಕೆ ಅಡ್ಡಹೆಸರೇ ಸರಿ. ಶಾಲೆಯ ಹಾಜರಿಗೆ ಹೆಸರು ನಡೆಯುತ್ತದೆ. ಯಾವುದಾದರೂ ಸರಿ, ಒಂದೇ ಸೆಲ್‌ನಲ್ಲಿ ಎಲ್ಲವನ್ನೂ ತುರುಕಬೇಡಿ. ‘ಗೌರವ ಪದ’, ‘ಹೆಸರು’, ‘ತಂದೆ ಅಥವಾ ಗಂಡನ ಹೆಸರು’, ‘ಅಡ್ಡಹೆಸರು’ ಎಂದು ನಾಲ್ಕು ಕಾಲಂ ಮಾಡಿ. ಶ್ರೀ, ಶ್ರೀಮತಿ, ಡಾ., ಲಿಂ. ಇವು ಹೆಸರಿನ ಜೊತೆಗೇ ಇದ್ದರೆ ಅರ್ಧ ಊರು ‘ಶ’ ಅಕ್ಷರದಲ್ಲಿ ಬಂದು ನಿಲ್ಲುತ್ತದೆ.

ಪಾಟೀಲರು ಮೂವತ್ತು ಮಂದಿ ಇರುವ ಊರಿನಲ್ಲಿ ಅಡ್ಡಹೆಸರೊಂದೇ ಸಾಲದು. ಸಾರ್ಟ್ ಪೆಟ್ಟಿಗೆಯಲ್ಲಿ ‘ಆ್ಯಡ್ ಲೆವೆಲ್’ ಒತ್ತಿ, ಮೊದಲು ಅಡ್ಡಹೆಸರು, ನಂತರ ಹೆಸರು, ನಂತರ ತಂದೆಯ ಹೆಸರು ಎಂದು ಮೂರು ಹಂತ ಕೊಡಿ. ಮುದ್ರಣಕ್ಕೆ ಬೇಕಾದಾಗ ನಾಲ್ಕೂ ಕಾಲಂಗಳನ್ನು ಜೋಡಿಸಿ ಒಂದು ಸೆಲ್ ಮಾಡುವುದು ಸುಲಭ. ಒಂದನ್ನು ನಾಲ್ಕಾಗಿ ಒಡೆಯುವುದು ಕಷ್ಟ, ಏಕೆಂದರೆ ಕೆಲವರು ಮೊದಲಕ್ಷರಗಳನ್ನು ಹಿಂದೆ ಬರೆದಿರುತ್ತಾರೆ, ಕೆಲವರು ಮುಂದೆ.

ದೇಣಿಗೆ ಹೆಚ್ಚು ಕೊಟ್ಟವರು ಮೇಲೆ ಬರಬೇಕು. ಆದರೆ 501 ಕೊಟ್ಟವರು 11000 ಕೊಟ್ಟವರಿಗಿಂತ ಮೇಲೆ ಬಂದರು.

ಮೊತ್ತವನ್ನು ‘501/-’ ಎಂದೋ ‘ರೂ. 501’ ಎಂದೋ ಬರೆದಿರುತ್ತೀರಿ. ಆಗ ಅದು ಸಂಖ್ಯೆಯಲ್ಲ, ಬರಹ. ಬರಹವನ್ನು ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತಾರೆ; 5 ದೊಡ್ಡದು, 1 ಚಿಕ್ಕದು, ಆದ್ದರಿಂದ 501 ಮೇಲೆ. ಈ ತಪ್ಪು ಕಲ್ಲಿನ ಮೇಲೆ ಕೆತ್ತಿಸಿದ ಮೇಲೆ ಗೊತ್ತಾದರೆ ಜಾತ್ರೆಯ ನಂತರವೂ ಜಗಳ ಉಳಿಯುತ್ತದೆ.

ತಿದ್ದುವ ಬಗೆ: ಮೊತ್ತದ ಕಾಲಂ ಆರಿಸಿ, ಸೆಲ್ ಫಾರ್ಮ್ಯಾಟ್ ‘ಜನರಲ್’ ಮಾಡಿ. ‘ಟೆಕ್ಸ್ಟ್’ ಎಂದೇ ಬಿಟ್ಟರೆ ಮುಂದಿನ ಹೆಜ್ಜೆ ಫಲ ಕೊಡುವುದಿಲ್ಲ. ಆಮೇಲೆ ‘/-’ ಹುಡುಕಿ ಖಾಲಿಯಿಂದ ಬದಲಿಸಿ, ‘ರೂ.’ ಹುಡುಕಿ ಹಾಗೇ ಮಾಡಿ. ಸಂಖ್ಯೆಗಳು ಸೆಲ್‌ನ ಬಲಕ್ಕೆ ಸರಿದರೆ ಕೆಲಸ ಆಯಿತು. ಎಡಕ್ಕೇ ಅಂಟಿಕೊಂಡವು ಇನ್ನೂ ಬರಹವೇ. ಆ ಕಾಲಂ ಆರಿಸಿ ‘ಡೇಟಾ’ದಲ್ಲಿ ‘ಟೆಕ್ಸ್ಟ್ ಟು ಕಾಲಮ್ಸ್’ ತೆರೆದು ಏನೂ ಬದಲಿಸದೆ ‘ಫಿನಿಶ್’ ಒತ್ತಿ. ‘/-’ ಕಾಣಲೇಬೇಕೆಂದಿದ್ದರೆ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ 0"/-" ಎಂದು ಕೊಡಿ. ಕಾಣುತ್ತದೆ, ಆದರೆ ಸಂಖ್ಯೆ ಸಂಖ್ಯೆಯಾಗಿಯೇ ಇರುತ್ತದೆ.

ಜೋಳದ ಚೀಲ, ಎಣ್ಣೆ ಡಬ್ಬಿ ಕೊಟ್ಟವರನ್ನು ರೊಕ್ಕದ ಕಾಲಂನಲ್ಲಿ ಬರೆಯಬೇಡಿ. ‘ವಸ್ತು ರೂಪ’ ಎಂದು ಬೇರೆ ಕಾಲಂ ಇರಲಿ, ಪಟ್ಟಿಯೂ ಬೇರೆ ಇರುವುದು ಒಳ್ಳೆಯದು. ಒಂದೇ ಮೊತ್ತ ಕೊಟ್ಟವರೊಳಗೆ ಯಾರು ಮೊದಲು ಎಂಬುದಕ್ಕೆ ಎರಡನೆಯ ಹಂತವಾಗಿ ಅಡ್ಡಹೆಸರು ಕೊಟ್ಟುಬಿಡಿ. ಅಕಾರಾದಿ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ.

1, 10, 11, 2, 3 ಎಂದು ಬರುತ್ತಿದೆಯಲ್ಲ?

ಕಾರಣ ಮೇಲಿನದೇ. ಬರೀ ಸಂಖ್ಯೆಯ ಕಾಲಂ ಆದರೆ ಸಂಖ್ಯೆಯಾಗಿ ಬದಲಿಸಿ. ‘ವಾರ್ಡ್ 1’, ‘ಭಾಗ 10’ ಎಂಬಂತೆ ಪದ ಕೂಡಿದ್ದರೆ 01, 02 ಎಂದು ಸೊನ್ನೆ ಸೇರಿಸಿ ಬರೆಯಿರಿ. ನೂರು ದಾಟುವಂತಿದ್ದರೆ 001. ಲಿಬ್ರೆಆಫೀಸ್‌ನಲ್ಲಿ ‘ನ್ಯಾಚುರಲ್ ಸಾರ್ಟ್’ ಎಂಬ ಆಯ್ಕೆ ಇದೆ, ಅದು ಸೊನ್ನೆ ಇಲ್ಲದೆಯೂ ಸರಿಮಾಡುತ್ತದೆ. ೧, ೨ ಎಂದು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದ ಕ್ರಮಸಂಖ್ಯೆಗೂ ಇದೇ ಗತಿ. ಜೋಡಣೆಗೆ 1, 2 ಇರಲಿ, ಕನ್ನಡ ಅಂಕಿ ಕೊನೆಗೆ ಮುದ್ರಣದ ಪುಟದಲ್ಲಿ ಹಾಕಿ.

ದಿನಾಂಕದ ಪ್ರಕಾರ ಜೋಡಿಸಿದರೆ ಅರ್ಧ ಪಟ್ಟಿ ಸರಿ, ಉಳಿದರ್ಧ ಕೆಳಗೆ ಮತ್ತೆ ಹೊಸದಾಗಿ ಶುರುವಾಗುತ್ತದೆ.

ಅರ್ಧ ದಿನಾಂಕಗಳು ನಿಜವಾದ ದಿನಾಂಕ, ಉಳಿದವು ದಿನಾಂಕದಂತೆ ಕಾಣುವ ಬರಹ. ಎಕ್ಸೆಲ್ ಏರಿಕೆ ಕ್ರಮದಲ್ಲಿ ಸಂಖ್ಯೆಗಳನ್ನು ಮೊದಲು, ಬರಹವನ್ನು ನಂತರ ಇಡುತ್ತದೆ. ಕಾಲಂ ಅನ್ನು ‘ಜನರಲ್’ ಫಾರ್ಮ್ಯಾಟ್ ಮಾಡಿ ನೋಡಿ: ನಿಜವಾದ ದಿನಾಂಕ ಸಂಖ್ಯೆಯಾಗುತ್ತದೆ, ಉದಾಹರಣೆಗೆ 01-01-2024 ಎಂಬುದು 45292. ಬದಲಾಗದೆ ನಿಂತವೇ ಕಳ್ಳರು.

ಇದರ ಮೂಲ ಸಾಮಾನ್ಯವಾಗಿ ವಿಂಡೋಸ್‌ನ ‘ರೀಜನ್’ ಸೆಟ್ಟಿಂಗ್. ಅದು ಅಮೆರಿಕದ ಕ್ರಮದಲ್ಲಿದ್ದರೆ ತಿಂಗಳು ಮೊದಲು, ದಿನ ಆಮೇಲೆ. 25-03-2024 ಟೈಪ್ ಮಾಡಿದರೆ ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ, ಬರಹವಾಗಿ ಉಳಿಯುತ್ತದೆ. 05-12-2024 ಇನ್ನೂ ಅಪಾಯಕಾರಿ: ಡಿಸೆಂಬರ್ 5 ಎಂದು ನೀವು ಬರೆದದ್ದನ್ನು ಅದು ಮೇ 12 ಎಂದು ತಿಳಿದು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಅಂದರೆ ಸರಿ ಇದ್ದಂತೆ ಕಾಣುವ ಅರ್ಧವನ್ನೇ ಮೊದಲು ಪರೀಕ್ಷಿಸಬೇಕು. ರೀಜನ್ ಅನ್ನು ‘ಇಂಗ್ಲಿಷ್ (ಇಂಡಿಯಾ)’ ಅಥವಾ ಕನ್ನಡಕ್ಕೆ ಬದಲಿಸಿ. ಬರಹವಾಗಿ ಉಳಿದವನ್ನು ‘ಟೆಕ್ಸ್ಟ್ ಟು ಕಾಲಮ್ಸ್’ನ ಮೂರನೆಯ ಹೆಜ್ಜೆಯಲ್ಲಿ ‘ಡೇಟ್’, ದಿನ-ತಿಂಗಳು-ವರ್ಷ ಎಂಬ ಆಯ್ಕೆ ಕೊಟ್ಟು ಬದಲಿಸಿ. ತಿರುಗಿಕೊಂಡ ದಿನಾಂಕಗಳನ್ನು ಮೂಲ ಕಾಗದ ನೋಡಿಯೇ ತಿದ್ದಬೇಕು, ಬೇರೆ ಉಪಾಯವಿಲ್ಲ.

ಸ್ಥಳೀಯ ಇತಿಹಾಸದ ಪಟ್ಟಿ ಮಾಡುವವರು ಗಮನಿಸಿ: ಎಕ್ಸೆಲ್‌ಗೆ ದಿನಾಂಕ ಶುರುವಾಗುವುದೇ 1900ರಿಂದ. ಕಣಗಿನಹಾಳದ ಸಹಕಾರಿ ಸಂಘದ 1905ರ ದಿನಾಂಕವನ್ನು ಅದು ಒಪ್ಪುತ್ತದೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ 1890ರ ದಿನಾಂಕವನ್ನು ಬರಹವೆಂದು ಬದಿಗಿಡುತ್ತದೆ. ವರ್ಷ, ತಿಂಗಳು, ದಿನ ಮೂರನ್ನೂ ಬೇರೆ ಬೇರೆ ಕಾಲಂ ಮಾಡಿ ಮೂರು ಹಂತದ ಸಾರ್ಟ್ ಕೊಟ್ಟರೆ ಶಾಸನದ ಕಾಲದವರೆಗೂ ಹೋಗಬಹುದು. ಲಿಬ್ರೆಆಫೀಸ್‌ನಲ್ಲಿ ಈ ಮಿತಿ ಇಲ್ಲ.

ಹೊಸದು ಮೇಲಿರಬೇಕೋ, ಹಳೆಯದೋ?

ಓದುವವರು ಮತ್ತೆ ಮತ್ತೆ ಬಂದು ‘ಈಗೇನು ಬಂದಿದೆ’ ಎಂದು ನೋಡುವಂಥದ್ದು (ಪ್ರಕಟಣೆ, ಎಪಿಎಂಸಿ ದರ, ಸಭೆಯ ನೋಟಿಸು) ಆದರೆ ಹೊಸದು ಮೇಲೆ. ಒಂದರಿಂದ ಕೊನೆಯವರೆಗೆ ಓದುವಂಥದ್ದು (ಧಾರಾವಾಹಿ ಬರಹ, ಪಾಠ, ಠರಾವು ಪುಸ್ತಕ) ಆದರೆ ಹಳೆಯದು ಮೇಲೆ. ಎರಡೂ ಕೂಡಿದ್ದರೆ ಎರಡು ಪಟ್ಟಿ ಮಾಡಿ. ಒಂದೇ ಪಟ್ಟಿಯಲ್ಲಿ ಎರಡನ್ನೂ ಸಾಧಿಸಲು ಹೋಗಿ ದಿನಾಂಕವನ್ನೇ ಸುಳ್ಳು ಬರೆಯುವವರಿದ್ದಾರೆ: ಹಳೆಯ ಲೇಖನ ಮೇಲೆ ಬರಲೆಂದು ಅದಕ್ಕೆ ಇವತ್ತಿನ ತಾರೀಖು ಹಾಕುವುದು. ಇದನ್ನು ಮಾಡಬೇಡಿ. ಮೇಲೆ ನಿಲ್ಲಬೇಕಾದ ಒಂದೆರಡಕ್ಕೆ ‘ಆದ್ಯತೆ’ ಎಂಬ ಕಾಲಂನಲ್ಲಿ 1, ಉಳಿದವಕ್ಕೆ 2 ಹಾಕಿ. ಮೊದಲು ಆದ್ಯತೆ, ನಂತರ ದಿನಾಂಕ ಎಂದು ಜೋಡಿಸಿ. ತಾರೀಖು ನಿಜವಾಗಿಯೇ ಉಳಿಯುತ್ತದೆ.

ಧಾರವಾಡ, ಗದಗ, ಹಾವೇರಿ ಎಂಬ ಕ್ರಮ ಬೇಕು. ಅಕಾರಾದಿಯಲ್ಲಿ ಗದಗ ಮೊದಲು ಬರುತ್ತದೆ.

ಎಕ್ಸೆಲ್‌ನ ಸಾರ್ಟ್ ಪೆಟ್ಟಿಗೆಯಲ್ಲಿ ‘ಆರ್ಡರ್’ ಎಂಬಲ್ಲಿ ‘ಕಸ್ಟಮ್ ಲಿಸ್ಟ್’ ಆರಿಸಿ, ನಿಮಗೆ ಬೇಕಾದ ಕ್ರಮವನ್ನು ಸಾಲಾಗಿ ಟೈಪ್ ಮಾಡಿ ಸೇರಿಸಿ. ಚೈತ್ರ, ವೈಶಾಖ, ಜ್ಯೇಷ್ಠ ಎಂದು ಮಾಸಗಳನ್ನು, ಸೋಮವಾರ, ಮಂಗಳವಾರ ಎಂದು ವಾರಗಳನ್ನು ಹೀಗೇ ಒಮ್ಮೆ ಸೇರಿಸಿಟ್ಟರೆ ಜಾತ್ರೆ, ಸಂತೆಗಳ ಪಟ್ಟಿಗೆ ಒದಗುತ್ತದೆ. ಇಲ್ಲದಿದ್ದರೆ ವರ್ಷ ‘ಆಶ್ವಯುಜ’ದಿಂದ ಶುರುವಾಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಪಕ್ಕದ ಕಾಲಂನಲ್ಲಿ ಧಾರವಾಡಕ್ಕೆ 1, ಗದಗಕ್ಕೆ 2, ಹಾವೇರಿಗೆ 3 ಎಂದು ಹಾಕಿ ಅದರ ಮೇಲೆ ಜೋಡಿಸಿ.

ಹಳೆಯ ದಾಖಲೆ ಕೂಡಿದ್ದರೆ ಇನ್ನೊಂದು ತೊಡಕಿದೆ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಕಾಗದದಲ್ಲಿ ರೋಣವೂ ಹಾನಗಲ್ಲವೂ ಧಾರವಾಡ ಜಿಲ್ಲೆ. ತಾಲೂಕುಗಳೂ ಹಾಗೇ: ಲಕ್ಷ್ಮೇಶ್ವರ ಶಿರಹಟ್ಟಿಯಲ್ಲಿತ್ತು, ಗಜೇಂದ್ರಗಡ ರೋಣದಲ್ಲಿ, ಅಣ್ಣಿಗೇರಿ ನವಲಗುಂದದಲ್ಲಿ, ರಟ್ಟೀಹಳ್ಳಿ ಹಿರೇಕೆರೂರಿನಲ್ಲಿ, ಅಳ್ನಾವರ ಧಾರವಾಡದಲ್ಲಿ. ದಾಖಲೆಯಲ್ಲಿದ್ದದ್ದನ್ನು ತಿದ್ದಬೇಡಿ. ‘ಇಂದಿನ ಜಿಲ್ಲೆ’, ‘ಇಂದಿನ ತಾಲೂಕು’ ಎಂಬ ಎರಡು ಕಾಲಂ ಸೇರಿಸಿ, ಜೋಡಣೆಗೆ ಅವನ್ನು ಬಳಸಿ.

ಇಂಗ್ಲಿಷ್ ಪಟ್ಟಿ ಜೋಡಿಸಿ ಆಮೇಲೆ ಕನ್ನಡ ಮಾಡಿದರೆ ಆಗದೇ?

ಆಗುವುದಿಲ್ಲ. ಗದಗ ಜಿಲ್ಲೆಯ ತಾಲೂಕುಗಳು ಇಂಗ್ಲಿಷ್ ಕ್ರಮದಲ್ಲಿ ಗದಗ, ಗಜೇಂದ್ರಗಡ, ಲಕ್ಷ್ಮೇಶ್ವರ, ಮುಂಡರಗಿ, ನರಗುಂದ, ರೋಣ, ಶಿರಹಟ್ಟಿ. ಕನ್ನಡದಲ್ಲಿ ಗಜೇಂದ್ರಗಡ, ಗದಗ, ನರಗುಂದ, ಮುಂಡರಗಿ, ರೋಣ, ಲಕ್ಷ್ಮೇಶ್ವರ, ಶಿರಹಟ್ಟಿ. ಏಳು ಹೆಸರಿನಲ್ಲೇ ಇಷ್ಟು ಅದಲುಬದಲು. ಕನ್ನಡ ಮಾಡಿದ ಮೇಲೆ ಮತ್ತೊಮ್ಮೆ ಸಾರ್ಟ್ ಮಾಡಿ. ಎರಡೂ ಲಿಪಿ ಒಂದೇ ಕಾಲಂನಲ್ಲಿ ಬೆರೆತಿದ್ದರೆ ಇಂಗ್ಲಿಷ್ ಹೆಸರುಗಳೆಲ್ಲ ಒಂದು ಕಡೆ, ಕನ್ನಡದವೆಲ್ಲ ಒಂದು ಕಡೆ ಗುಂಪುಗೂಡುತ್ತವೆ.

ಆಮಂತ್ರಣ ಪತ್ರಿಕೆಯ ಹೆಸರುಗಳಿಗೆ ಯಾವ ಸಾರ್ಟ್?

ಯಾವುದೂ ಅಲ್ಲ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು ಎಂಬ ಕ್ರಮವನ್ನು ಕಮಿಟಿ ನಿರ್ಧರಿಸುತ್ತದೆ, ಮತ್ತು ಮುದ್ರಣದ ಹಿಂದಿನ ರಾತ್ರಿಯವರೆಗೂ ಬದಲಿಸುತ್ತದೆ. ಇಂಥ ಪಟ್ಟಿಗೆ ಕ್ರಮಸಂಖ್ಯೆಯನ್ನು 1, 2, 3 ಎಂದು ಕೊಡದೆ 10, 20, 30 ಎಂದು ಕೊಡಿ. ನಡುವೆ ಒಬ್ಬರು ಸೇರಬೇಕಾದರೆ 15 ಹಾಕಿ ಸಾರ್ಟ್ ಮಾಡಿದರೆ ಮುಗಿಯಿತು, ಕೆಳಗಿನವರ ಸಂಖ್ಯೆ ಮುಟ್ಟಬೇಕಿಲ್ಲ. ಸ್ಮರಣ ಸಂಚಿಕೆಯ ಲೇಖನಗಳಿಗೂ ಇದೇ ಕ್ರಮ ಅನುಕೂಲ.

ಹಂಚಿಕೊಂಡ ಗೂಗಲ್ ಶೀಟ್‌ನಲ್ಲಿ ನಾನು ಸಾರ್ಟ್ ಮಾಡಿದರೆ ಎಲ್ಲರದ್ದೂ ಬದಲಾಗುತ್ತದೆ.

ಬದಲಾಗುತ್ತದೆ, ಹೌದು. ‘ಡೇಟಾ’ದಲ್ಲಿ ‘ಫಿಲ್ಟರ್ ವ್ಯೂ’ ಮಾಡಿಕೊಂಡು ಅದರೊಳಗೆ ಜೋಡಿಸಿ. ಆ ಅನುಕ್ರಮ ನಿಮಗೆ ಮಾತ್ರ ಕಾಣುತ್ತದೆ. ಫೋನಿನಲ್ಲಿ ಸಾರ್ಟ್ ಮಾಡುವವರು ಮೊದಲು ಶೀರ್ಷಿಕೆ ಸಾಲನ್ನು ‘ಫ್ರೀಜ್’ ಮಾಡಲೇಬೇಕು, ಇಲ್ಲದಿದ್ದರೆ ‘ಹೆಸರು’, ‘ಊರು’ ಎಂಬ ಶೀರ್ಷಿಕೆಯೂ ಪಟ್ಟಿಯೊಳಗೆ ಇಳಿದು ಹೋಗುತ್ತದೆ.

ಕಾರ್ಯಕ್ರಮದ ಫೋಟೊಗಳು ನಡೆದ ಕ್ರಮದಲ್ಲಿ ಬರುತ್ತಿಲ್ಲ.

ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ತೆಗೆದ ಸಮಯದ ಮಾಹಿತಿ ಅಳಿದುಹೋಗುತ್ತದೆ. ಕಡತದ ಹೆಸರಿನಲ್ಲಿರುವ ದಿನಾಂಕ ಕಳಿಸಿದ ದಿನದ್ದು. ಫೋಟೊ ತೆಗೆದವರಿಗೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಆಗ ಮಾಹಿತಿ ಉಳಿಯುತ್ತದೆ. ನಂತರ ವಿಂಡೋಸ್ ಫೋಲ್ಡರಿನಲ್ಲಿ ‘ಡೇಟ್ ಟೇಕನ್’ ಮೇಲೆ ಜೋಡಿಸಿ. ಎರಡು ಕ್ಯಾಮೆರಾ ಇದ್ದರೆ ಎರಡರ ಗಡಿಯಾರವೂ ಒಂದೇ ಇದೆಯೇ ಎಂದು ಕಾರ್ಯಕ್ರಮಕ್ಕೆ ಮೊದಲು ನೋಡಿಕೊಳ್ಳಬೇಕು. ಹೆಸರು ನೀವೇ ಇಡುವುದಾದರೆ 2025-01-14-001 ಎಂಬಂತೆ ವರ್ಷ ಮೊದಲು ಇರಲಿ. 14-01-2025 ಎಂದಿಟ್ಟರೆ ಎಲ್ಲ ತಿಂಗಳ ಹದಿನಾಲ್ಕನೇ ತಾರೀಖುಗಳೂ ಒಟ್ಟಿಗೆ ಸೇರುತ್ತವೆ.

ಕಂಪ್ಯೂಟರಿನಲ್ಲಿ ಹಾಡುಗಳು ಸರಿಯಾದ ಕ್ರಮದಲ್ಲಿವೆ. ಪೆನ್‌ಡ್ರೈವ್ ಹಾಕಿದರೆ ಮೈಕ್ ಸೆಟ್ ಬೇರೆಯೇ ಕ್ರಮದಲ್ಲಿ ನುಡಿಸುತ್ತದೆ.

ವಿಂಡೋಸ್ ಫೋಲ್ಡರ್ 1, 2, 10 ಎಂಬುದನ್ನು ತಾನೇ ಸರಿಯಾಗಿ ತೋರಿಸುತ್ತದೆ, ಮೈಕ್ ಸೆಟ್‌ಗೂ ಕಾರಿನ ಪ್ಲೇಯರಿಗೂ ಅಷ್ಟು ಜಾಣತನ ಇರುವುದಿಲ್ಲ. ಕೆಲವು ಹೆಸರಿನ ಅಕ್ಷರ ನೋಡುತ್ತವೆ, ಕೆಲವು ಪೆನ್‌ಡ್ರೈವ್‌ಗೆ ಯಾವ ಕ್ರಮದಲ್ಲಿ ನಕಲಾಯಿತೋ ಅದೇ ಕ್ರಮದಲ್ಲಿ ನುಡಿಸುತ್ತವೆ. ಎರಡಕ್ಕೂ ಹೊಂದುವಂತೆ ಮಾಡಲು ಫೈಲುಗಳಿಗೆ ಇಂಗ್ಲಿಷ್ ಅಂಕಿಯಲ್ಲಿ 001, 002 ಎಂದು ಮುಂದೆ ಸೇರಿಸಿ, ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ (ಒಳಗಿದ್ದದ್ದೆಲ್ಲ ಅಳಿಯುತ್ತದೆ, ಮೊದಲು ತೆಗೆದಿಡಿ), ಮೊದಲ ಹಾಡಿನಿಂದ ಒಂದೊಂದಾಗಿ ನಕಲಿಸಿ. ಆಮೇಲೆ ನಡುವೆ ಒಂದು ಹಾಡು ಸೇರಿಸಬೇಕೆನಿಸಿದರೆ, ನಕಲಿನ ಕ್ರಮ ನೋಡುವ ಪ್ಲೇಯರಿಗೆ ಅದು ಕೊನೆಯ ಹಾಡೇ ಆಗುತ್ತದೆ. ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ತುಂಬಬೇಕು.